ಒಂದೇ ಕೈಯ ಗಾಡಿ

ಪಲ್ಲಾವರಂನಲ್ಲಿ, ಮದರಾಸಿನಿಂದ ತಿರುಚ್ಚಿಗೆ ಹೋಗುವ ದೊಡ್ಡ ರಸ್ತೆಗೆ ಕೂಗಳತೆಯಷ್ಟು ದೂರದಲ್ಲಿ ಮಧ್ವರಾಜರು ಎಂಬವರೊಬ್ಬರಿದ್ದರು. ರೈಲ್ವೆ ಕಚೇರಿಯಲ್ಲಿ ಗುಮಾಸ್ತರ ಕೆಲಸ. ವರ್ಷವರ್ಷವೂ ಪಾಸು ಸಿಗುತ್ತಿತ್ತು. ಮನಸ್ಸು ಮಾಡಿದರೆ ಹೆಂಡತಿಯನ್ನು ಕರೆದುಕೊಂಡು ಕಾಶಿಯವರೆಗೂ ಬಿಡಿಗಾಸು ಬಿಚ್ಚದೆ ಹೋಗಿಬರಬಹುದಿತ್ತು. ಆದರೆ ನೋಡಿ, ದೇವರು ಆಸೆ ಹಂಚುವಾಗ ವಿಳಾಸ ನೋಡುವುದಿಲ್ಲ. ರೈಲು ಕಂಡರೆ ಈ ಮನುಷ್ಯನಿಗೆ ಆಕಳಿಕೆ ಬರುತ್ತಿತ್ತು. ಕಾರು ಕಂಡರೆ ಕುತ್ತಿಗೆ ತಾನಾಗಿ ತಿರುಗುತ್ತಿತ್ತು.

"ರೈಲಲ್ಲಿ ಏನಿದೆ? ಹಳಿ ಹೋದ ಕಡೆ ಅದು ಹೋಗತ್ತೆ. ಅದರಲ್ಲಿ ಕೂತೋನಿಗೂ ಗೂಡ್ಸ್ ಡಬ್ಬೀಲಿರೋ ಸಿಮೆಂಟ್ ಮೂಟೆಗೂ ವ್ಯತ್ಯಾಸವೇ ಇಲ್ಲ" ಎನ್ನುತ್ತಿದ್ದರು.

"ಆ ಮೂಟೆಗೆ ಒಂದನೇ ತಾರೀಖು ಸಂಬಳ ಕೊಡೋದೂ ರೈಲೇ" ಎಂದು ಹೆಂಡತಿ ಚಂದ್ರಮತಿ ಅಡುಗೆಮನೆಯಿಂದಲೇ ಹೇಳುತ್ತಿದ್ದರು.

ಡ್ರೈವಿಂಗನ್ನು ಅವರು ಕಲಿತದ್ದು ಚಿಕ್ಕ ವಯಸ್ಸಿನಲ್ಲಿ. ಹೊಸ ಹಳಿ ಹಾಕಲು ಸರ್ವೆ ಮಾಡುವ ತಂಡದ ಜೊತೆ ಕಚೇರಿ ಅವರನ್ನು ಕಾಡುಮೇಡು ಅಲೆಸಿತ್ತು. ಆ ತಂಡದ ಜೀಪಿನ ಡ್ರೈವರ್ ಐತಪ್ಪ, ಮಂಗಳೂರಿನ ಕಡೆಯವನು. ಸಂಜೆ ಹೊತ್ತು ಹೋಗದೆ ಈ ಗುಮಾಸ್ತರನ್ನು ಕೂರಿಸಿಕೊಂಡು ಕಲಿಸಿದ. ಕಲ್ಲು, ಮರಳು, ಹಳ್ಳ ಎಲ್ಲದರ ಮೇಲೂ ಓಡಿಸಿದ ಮಧ್ವರಾಜರಿಗೆ ಲೈಸೆನ್ಸೂ ಬಂತು. ಆಮೇಲೆ ಸರ್ವೆ ಮುಗಿಯಿತು, ಜೀಪು ಹೋಯಿತು, ಐತಪ್ಪನೂ ಊರಿಗೆ ಹೋದ. ಉಳಿದದ್ದು ಲೈಸೆನ್ಸು ಮಾತ್ರ. ಗುಮಾಸ್ತರ ಸಂಬಳಕ್ಕೆ ಕಾರು ಎಲ್ಲಿಂದ ಬರಬೇಕು?

ಸಂಜೆ ಕಚೇರಿಯಿಂದ ಬಂದವರು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ದೊಡ್ಡ ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಅದರ ಕುಲ ಗೋತ್ರ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಅಂಬಾಸಿಡರ್ ಎಂದರೆ ಹಬ್ಬದ ಊಟ ಮುಗಿಸಿ ಎದ್ದ ಜಮೀನುದಾರ, ಅದಕ್ಕೆ ಅವಸರವಿಲ್ಲ. ಫಿಯೆಟ್ ಎಂದರೆ ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋಗುವ ಅಚ್ಚುಕಟ್ಟು ಮನುಷ್ಯ. ಆದರೆ ಅವರ ಮನಸ್ಸು ಇದ್ದದ್ದು ಹೆರಾಲ್ಡಿನ ಮೇಲೆ. ಮದರಾಸಿನಲ್ಲೇ ತಯಾರಾದ ಕಾರು, ನಮ್ಮೂರಿನ ಕೂಸು ಎಂಬ ಅಭಿಮಾನ ಒಂದು ಕಡೆ. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಂಡು, ಎಂಜಿನ್ನನ್ನೆಲ್ಲ ಕಣ್ಣೆದುರು ಹರಡಿ ತೋರಿಸುತ್ತದಲ್ಲ, ಆ ಚೆಂದ ಇನ್ನೊಂದು ಕಡೆ. "ಮುಚ್ಚುಮರೆ ಇಲ್ಲದ ವಂಡಿ" ಎನ್ನುತ್ತಿದ್ದರು; ಮದರಾಸಿನವರ ಬಾಯಲ್ಲಿ ಗಾಡಿ ಎಂದರೆ ವಂಡಿ.

ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ದನಕರುಗಳ ಜೊತೆಗೆ ಹಳೆಯ ಸಾಮಾನುಗಳೂ ಬರುತ್ತವೆ. ಮಧ್ವರಾಜರು ತರಕಾರಿ ಚೀಲ ಹಿಡಿದು ಹೋದವರು ಒಮ್ಮೆ ಕಾರಿನ ಹಾರನ್, ಒಮ್ಮೆ ಕನ್ನಡಿ, ಒಮ್ಮೆ ಚಕ್ರಕ್ಕೆ ಮುಚ್ಚುವ ಬಟ್ಟಲು ತಂದರು.

"ಇನ್ನೂ ಕೆಲವು ಶುಕ್ರವಾರ ಹೋದ್ರೆ ಕಾರೇ ಆಗತ್ತೆ. ಸಾಂಬಾರಿಗೆ ಮಾತ್ರ ಬದನೇಕಾಯಿ ಇಲ್ಲ" ಎಂದರು ಚಂದ್ರಮತಿ.

ಮಕ್ಕಳಿಲ್ಲದ ಮನೆ. ಗಂಡ ಹೆಂಡತಿ ಇಬ್ಬರೇ. ಮಾತಾಡಲು ಇದ್ದ ದೊಡ್ಡ ವಿಷಯ ಎಂದರೆ ರಿಟೈರಾದ ಮೇಲಿನ ಪ್ರಯಾಣ. ಮಧ್ವರಾಜರು ಅದನ್ನು ಎಷ್ಟೋ ಸಲ ಹೇಳಿದ್ದರು. ಮದರಾಸಿನಿಂದ ದಕ್ಷಿಣಕ್ಕೆ ಹೊರಡುವುದು. ಪಾಂಡಿಚೇರಿ, ರಾಮೇಶ್ವರ, ಕನ್ಯಾಕುಮಾರಿ. ಅಲ್ಲಿ ತಿರುಗಿ ಕೇರಳದ ಕರಾವಳಿ ಹಿಡಿದು ಮಂಗಳೂರು, ಉಡುಪಿ.

"ಒಂದು ಗಮನಿಸಿದೀಯಾ? ಹೊರಟ ಕಡೆಯಿಂದ ಉಡುಪೀವರೆಗೂ ಸಮುದ್ರ ನಮ್ಮ ಎಡಗಡೇಲೇ ಇರತ್ತೆ. ನಾನು ಬಲಗಡೆ ಸ್ಟೀರಿಂಗ್ ಹಿಡಿದಿರ್ತೀನಿ, ಆ ಕಡೆ ಸಮುದ್ರ, ನಡುವೆ ನೀನು."

"ಮೊದಲು ಸ್ಟೀರಿಂಗ್ ಬರಲಿ. ಸಮುದ್ರ ಎಲ್ಲೂ ಹೋಗಲ್ಲ" ಎನ್ನುತ್ತಿದ್ದರು ಆಕೆ.

ಸ್ಟೀರಿಂಗ್ ಬಂತು, ಎಪ್ಪತ್ತೆರಡನೇ ಇಸವಿಯಲ್ಲಿ. ಆದರೆ ಬಂದದ್ದು ಪಲ್ಲಾವರಂಗಲ್ಲ, ಬೆಸೆಂಟ್ ನಗರಕ್ಕೆ.

ಬೆಸೆಂಟ್ ನಗರದಲ್ಲಿದ್ದವರು ಚಂದ್ರಮತಿಯ ತಂಗಿ ವಿನೋದಾ ಮತ್ತು ಅವಳ ಗಂಡ ಹರಿದಾಸರು. ಅಂದರೆ ಮಧ್ವರಾಜರ ಷಡ್ಡಕ. ಬ್ಯಾಂಕಿನಲ್ಲಿ ಆಫೀಸರು. ಜೊತೆಯಲ್ಲಿ ತಾಯಿ ಅಂಬುಜಮ್ಮ, ಚಿಕ್ಕ ಮಗಳು ಉಷಾ. ಬ್ಯಾಂಕಿನ ಸಾಲದಲ್ಲಿ ಹರಿದಾಸರು ಒಂದು ಸೆಕೆಂಡ್ ಹ್ಯಾಂಡ್ ಹೆರಾಲ್ಡ್ ಕೊಂಡರು. ಹಾಲಿಗೆ ಒಂದು ತೊಟ್ಟು ನೀಲಿ ಬೆರೆಸಿದಂಥ ಬಣ್ಣ. ಕಾರಿನ ವಿಷಯದಲ್ಲಿ ಹರಿದಾಸರಿಗೆ ಗೊತ್ತಿದ್ದದ್ದು ಅದಕ್ಕೆ ನಾಲ್ಕು ಚಕ್ರ ಎಂಬುದಷ್ಟೇ.

"ಭಾವ, ನೀವು ಬಂದು ನೋಡಿ ಹೇಳೋವರೆಗೂ ಇವರಿಗೆ ಸಮಾಧಾನ ಇಲ್ಲ" ಎಂದು ವಿನೋದಾ ಹೇಳಿ ಕಳಿಸಿದಳು.

ಆ ಭಾನುವಾರ ಮಧ್ವರಾಜರು ಹಳೆಯ ಪಂಚೆ ಉಟ್ಟು ಹೋದರು, ಕಾರಿನ ಕೆಳಗೆ ನುಗ್ಗಬೇಕಲ್ಲ ಎಂದು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಏನಾದರೂ ಊನ ಸಿಗಲಿ, ತುಕ್ಕಾದರೂ ಇರಲಿ, ಎಣ್ಣೆಯಾದರೂ ಸೋರಲಿ. ಬಾನೆಟ್ಟು ಎತ್ತಿದರು, ಕೆಳಗೆ ಮಲಗಿದರು, ಬಾಗಿಲು ಹಾಕಿ ತೆಗೆದು ಸದ್ದು ಕೇಳಿದರು. ಏನೂ ಸಿಗಲಿಲ್ಲ. ತಾನೇ ದುಡ್ಡು ಹಿಡಿದು ಹೋಗಿದ್ದರೂ ಇದೇ ಗಾಡಿಯನ್ನು ಆರಿಸುತ್ತಿದ್ದೆ ಎಂದು ಗೊತ್ತಾದಾಗ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಕಿವುಚಿದ ಹಾಗಾಯಿತು.

"ಹೇಗಿದೆ ಮಧ್ವರಾಯರೇ?" ಹರಿದಾಸರು ಕೇಳಿದರು. ಅವರ ಬಾಯಲ್ಲಿ ಮಧ್ವರಾಜರು ಯಾವಾಗಲೂ ಮಧ್ವರಾಯರೇ.

"ಪರವಾಗಿಲ್ಲ."

"ಡಾಕ್ಟರೊಬ್ಬರು ಇಟ್ಕೊಂಡಿದ್ರಂತೆ. ಬ್ರೋಕರ್ ಏನೋ 'ಸಿಂಗಲ್ ಹ್ಯಾಂಡ್ ವಂಡಿ ಸಾರ್' ಅಂದ. ಹಾಗಂದ್ರೆ ಏನು?"

"ಒಬ್ಬರೇ ಓಡಿಸಿದ ಗಾಡಿ ಅಂತ. ಹತ್ತು ಜನರ ಕೈಗೆ ಸಿಕ್ಕಿದ ವಂಡಿ ಕೆಟ್ಟುಹೋಗತ್ತೆ. ಒಬ್ಬೊಬ್ಬರು ಒಂದೊಂದು ಥರ ಕ್ಲಚ್ ತುಳೀತಾರೆ. ಒಂದೇ ಕೈಯಲ್ಲಿದ್ರೆ ಅದು ಆ ಕೈಗೆ ಒಗ್ಗಿಕೊಂಡು ಸುಖವಾಗಿರತ್ತೆ."

ಇದು ಮದರಾಸಿನ ಡ್ರೈವರುಗಳೆಲ್ಲ ನಂಬುವ ಮಾತೇ. ಮಧ್ವರಾಜರು ಸುಳ್ಳು ಹೇಳಲಿಲ್ಲ. ಆದರೆ ಹೇಳುತ್ತಿದ್ದ ಹಾಗೆಯೇ ಅವರ ತಲೆಯಲ್ಲಿ ಒಂದು ದೀಪ ಹತ್ತಿತು.

ಹೊಸದಾಗಿ ಮನೆಗೆ ಬಂದ ಗಾಡಿಯನ್ನು ಸೆಂಟ್ರಲ್ ಸ್ಟೇಷನ್ನಿನ ಹತ್ತಿರದ ಮುನೀಶ್ವರನ ಗುಡಿಗೆ ಒಯ್ದು ಪೂಜೆ ಮಾಡಿಸುವುದು ಆ ಊರಿನ ವಾಡಿಕೆ. ಅಂಬುಜಮ್ಮ ಮಡಿ ಮೈಲಿಗೆಯ ಹೆಂಗಸು, ರಾಯರ ಮಠ ಬಿಟ್ಟರೆ ಬೇರೆ ಕಡೆ ಕೈ ಮುಗಿದವರಲ್ಲ. ಆದರೂ, "ವಂಡಿಗೆ ಅವನೇ ದೇವರಂತೆ, ಮಾಡಿಸ್ಬಿಡೋ ಹರಿ" ಎಂದರು. ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟರು. ಅವನ್ನು ಜಜ್ಜುತ್ತ ಕಾರನ್ನು ಮುಂದಕ್ಕೆ ಉರುಳಿಸಿದವರು ಮಧ್ವರಾಜರು. ಕಾರಿನ ಒಡೆಯರು ರಸ್ತೆಯ ಬದಿಯಲ್ಲಿ ತೆಂಗಿನಕಾಯಿ ಹೋಳು ಹಿಡಿದು ನಿಂತಿದ್ದರು.

ಹರಿದಾಸರಿಗೂ ಕಲಿಯುವ ಆಸೆ ಇತ್ತು. ಭಾನುವಾರದ ಬೆಳಗ್ಗೆ ಎಲಿಯಟ್ಸ್ ಬೀಚಿನ ಖಾಲಿ ರಸ್ತೆಯಲ್ಲಿ ಪಾಠ ಶುರುವಾಯಿತು. ಮಧ್ವರಾಜರು ಕಲಿಸಿದ ರೀತಿ ಹೇಗಿತ್ತೆಂದರೆ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳುತ್ತಿದ್ದರು. "ಕ್ಲಚ್ ಒತ್ತಿ, ಕನ್ನಡಿ ನೋಡಿ, ಗೇರ್ ಹಾಕಿ, ಕಾಲು ಸಡಿಲ ಬಿಡಿ, ಅಲ್ಲ ಅಲ್ಲ, ಆ ಕಾಲಲ್ಲ, ಎದುರಿಗೆ ನಾಯಿ ಬರ್ತಿದೆ, ಹಾರನ್ ಒತ್ತಿ." ಕಾರು ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಮಧ್ವರಾಜರು ಬೈಯುತ್ತಿರಲಿಲ್ಲ. ನಿಟ್ಟುಸಿರು ಬಿಟ್ಟು, ಏಟು ತಿಂದ ಮಗುವನ್ನು ಸಮಾಧಾನ ಮಾಡುವ ಹಾಗೆ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ತಟ್ಟುತ್ತಿದ್ದರು. ಬೈಗುಳಕ್ಕಿಂತ ಅದು ಹರಿದಾಸರಿಗೆ ಜೋರಾಗಿ ನಾಟುತ್ತಿತ್ತು.

"ನನಗೆ ಬರಲ್ವೇನೋ ಮಧ್ವರಾಯರೇ."

"ಬರಲ್ಲ ಅಂತಲ್ಲ. ನಿಮ್ಮ ಕೈ ಬೇರೆ, ನನ್ನ ಕೈ ಬೇರೆ. ಎರಡು ಕೈ ಆದ್ರೆ ವಂಡಿ ಕಂಗಾಲಾಗತ್ತೆ. ಯೋಚನೆ ಮಾಡಿ."

ಹರಿದಾಸರು ಯೋಚನೆ ಮಾಡಿದರು. ಮುಂದಿನ ಭಾನುವಾರದಿಂದ ಹಿಂದಿನ ಸೀಟಿನಲ್ಲಿ ಕೂತರು.

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಭಾನುವಾರ ಬಂತೆಂದರೆ ಮಧ್ವರಾಜರು ಪಲ್ಲಾವರಂನಿಂದ ಎಲೆಕ್ಟ್ರಿಕ್ ರೈಲು, ಆಮೇಲೆ ಬಸ್ಸು ಹಿಡಿದು ಬೆಸೆಂಟ್ ನಗರಕ್ಕೆ ಹೋಗಿ ಇನ್ನೊಬ್ಬರ ಕಾರನ್ನು ತೊಳೆದು, ಒರೆಸಿ, ಇನ್ನೊಬ್ಬರ ಸಂಸಾರವನ್ನು ಕೂರಿಸಿಕೊಂಡು ಮಹಾಬಲಿಪುರಕ್ಕೋ ಕಂಚಿಗೋ ತಿರುತ್ತಣಿಗೋ ಹೊರಡುತ್ತಿದ್ದರು. ಉಷಾ ಮುಂದಿನ ಸೀಟಿಗೆ ಹಟ ಹಿಡಿಯುತ್ತಿದ್ದಳು. ಮದರಾಸಿನಲ್ಲಿ ಹುಟ್ಟಿ ಬೆಳೆದ ಮಗು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ.

"ಪೆರಿಯಪ್ಪಾ, ನೀಂಗದಾನ್ ಓಟ್ಟಣುಂ. ಅಪ್ಪಾವುಕ್ಕು ತೆರಿಯಾದು."

ದೊಡ್ಡಪ್ಪನೇ ಓಡಿಸಬೇಕು, ಅಪ್ಪನಿಗೆ ಬರುವುದಿಲ್ಲ. ಮಗುವಿನ ಬಾಯಿಂದ ಈ ಮಾತು ಬಂದಾಗ ಮಧ್ವರಾಜರು ಕನ್ನಡಿಯಲ್ಲಿ ಹರಿದಾಸರ ಮುಖ ನೋಡುತ್ತಿದ್ದರು. ಹರಿದಾಸರು ಕಿಟಕಿಯಾಚೆ ನೋಡುತ್ತಿದ್ದರು.

ಇಷ್ಟಿದ್ದೂ ಮಧ್ವರಾಜರ ಹೊಟ್ಟೆ ತಣ್ಣಗಾಯಿತೇ? ಇಲ್ಲ. ಸಂಜೆ ಕಾರನ್ನು ಬೆಸೆಂಟ್ ನಗರದ ಗೇಟಿನೊಳಗೆ ನಿಲ್ಲಿಸಿ ಕೀಲಿ ಕೊಟ್ಟು ಬಸ್ ಸ್ಟಾಪಿನ ಕಡೆ ನಡೆಯುವಾಗ ಪ್ರತಿ ಸಲವೂ ತಿರುಗಿ ನೋಡುತ್ತಿದ್ದರು. ವಿನೋದಾ ಕಸೂತಿ ಹಾಕಿ ಸೀಟಿಗೆ ಹೊದಿಸಿದ ಬಟ್ಟೆ, ಡಿಕ್ಕಿಯಲ್ಲಿ ಉಳಿದ ಅವರ ಮನೆಯ ಕೊಡೆ, ಹಿಂದಿನ ಗಾಜಿನ ಮೇಲೆ ಅವರ ಬ್ಯಾಂಕಿನ ಅಂಟುಚೀಟಿ. ತಾನು ಉಜ್ಜಿ ಹೊಳಪು ಕೊಟ್ಟ ಮೈಮೇಲೆ ಎಲ್ಲೆಲ್ಲೂ ಅವರದ್ದೇ ಗುರುತು. ವಾರದಲ್ಲಿ ಆರು ದಿನ ಆ ಕಾರು ಸುಮ್ಮನೆ ನಿಂತಿರುತ್ತದೆ, ಓಡಿಸಲು ಬಾರದವನ ಮನೆಯ ಮುಂದೆ, ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಚಂದ್ರಮತಿಗೆ ಬೇರೆಯದೇ ನೋವು. ಒಮ್ಮೆ ಕಂಚಿಯಲ್ಲಿ, ಮದುವೆ ಛತ್ರದ ಬಾಗಿಲಿನವನು ಮಧ್ವರಾಜರನ್ನು ತಡೆದು, "ಡ್ರೈವರ್‌ಕ್ಕೆಲ್ಲಾಂ ಪಿನ್ನಾಡಿ ಸಾಪ್ಪಾಡು" ಎಂದು ಡ್ರೈವರುಗಳು ಉಣ್ಣುವ ಹಿತ್ತಿಲು ತೋರಿಸಿದ. ಹಿಂದೆಯೇ ಬರುತ್ತಿದ್ದ ಹರಿದಾಸರು, "ಅಯ್ಯೋ, ಇವರು ನಮ್ಮ ಹಿರಿಯರಪ್ಪಾ" ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ಮನೆಗೆ ಬಂದ ಮೇಲೆ ಆಕೆ ಕೇಳಿದರು:

"ನಿಮಗೆ ನಾಚಿಕೆ ಆಗಲ್ವಾ?"

"ಸ್ಟೀರಿಂಗ್ ನನ್ನ ಕೈಲಿದೆ. ಆ ಛತ್ರದೋನು ಏನಂದ್ರೆ ನನಗೇನು?"

"ನಿಮ್ಮ ಕೈಲಿದೆಯೋ, ಅವರ ಕೈಗೆ ಹೋಗದ ಹಾಗೆ ನೀವು ಹಿಡ್ಕೊಂಡಿದೀರೋ?"

ಮಧ್ವರಾಜರು ಹೆಂಡತಿಗೆ ಎಷ್ಟು ಗೊತ್ತು ಎಂದು ಅಂದಾಜು ಮಾಡುತ್ತ ಕೂತರು. ಆದರೆ ಮನಸ್ಸಿನೊಳಗೆ ಲೆಕ್ಕ ಗಟ್ಟಿಯಾಗಿತ್ತು. ಹರಿದಾಸರಿಗೆ ಬಾರದಿರುವಷ್ಟು ಕಾಲ ಗಾಡಿ ತನ್ನದೇ. ರಿಟೈರಾದ ಮೇಲೆ, ಭಾನುವಾರಗಳಲ್ಲಿ ಮಾತಾಡಿಕೊಂಡ ಹಾಗೆ, ಎಲ್ಲರನ್ನೂ ಕೂರಿಸಿಕೊಂಡು ಕರಾವಳಿ ಸುತ್ತುವುದೂ ತಾನೇ. ಬೇರೆ ಯಾರು ಓಡಿಸಬೇಕು?

ಅವರು ರಿಟೈರಾಗುವುದಕ್ಕೆ ಒಂದು ವರ್ಷವಿದ್ದಾಗ, ಎಂಬತ್ತೇಳರಲ್ಲಿ, ಹರಿದಾಸರ ಮನೆಯಲ್ಲಿ ಒಂದು ಘಟನೆ ನಡೆಯಿತು. ಮಧ್ಯಾಹ್ನದ ಹೊತ್ತು. ಅಂಬುಜಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಕೂಗು ಬೀದಿಗೆಲ್ಲ ಕೇಳಿಸಿತು. ಅಂದು ಆಟೋಗಳ ಮುಷ್ಕರ. ಟ್ಯಾಕ್ಸಿ ಸಿಗಲಿಲ್ಲ. ಪಲ್ಲಾವರಂನ ಮನೆಗೆ ಫೋನಿಲ್ಲ. ಗೇಟಿನೊಳಗೆ ಹೆರಾಲ್ಡ್ ಪೆಟ್ರೋಲು ತುಂಬಿಸಿಕೊಂಡು, ಕನ್ನಡಿಯ ಹಾಗೆ ಹೊಳೆಯುತ್ತ ನಿಂತಿತ್ತು. ಹರಿದಾಸರು ಕೀಲಿ ಹಿಡಿದು ಅದರೊಳಗೆ ಕೂತರು, ಪೆಡಲುಗಳನ್ನು ನೋಡಿದರು, ಇಳಿದರು. ಬೀದಿಗೆ ಓಡಿ ಅಡ್ಡ ನಿಂತು ತಡೆದದ್ದು ಕಾಸಿಮೇಡು ಬಂದರಿನ ಮೀನಿನ ವ್ಯಾನನ್ನು. ತಿರುವಾನ್ಮಿಯೂರಿನಲ್ಲಿ ಮೀನು ಇಳಿಸಿ ಖಾಲಿಯಾಗಿ ಬರುತ್ತಿತ್ತು.

ಡ್ರೈವರು ಒಳ್ಳೆಯವನು. ಎರಡು ಬಕೆಟ್ ನೀರು ಹೊಯ್ದು ನೆಲ ತೊಳೆದ, ತನ್ನ ದುಪ್ಪಟಿ ಹಾಸಿದ. ಬೆಳ್ಳುಳ್ಳಿ ಮುಟ್ಟದ ಅಂಬುಜಮ್ಮ ಮೀನಿನ ಖಾಲಿ ಬುಟ್ಟಿಗಳ ನಡುವೆ ಮಲಗಿ, ಕಣ್ಣು ಮುಚ್ಚಿ, "ರಾಮ ರಾಮ" ಎನ್ನುತ್ತ ಆಸ್ಪತ್ರೆಗೆ ಹೋದರು. ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹರಿದಾಸರು ಆ ದಾರಿಯಲ್ಲೇ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತರು: ಅಮ್ಮ ಎದ್ದು ನಡೆದಾಡಿದರೆ, ನಾನೇ ನನ್ನ ಕೈಯಾರೆ ಕಾರು ಓಡಿಸಿ ಅವಳನ್ನು ನಿನ್ನ ಬೆಟ್ಟ ಹತ್ತಿಸುತ್ತೇನೆ.

ಮಧ್ವರಾಜರು ಆಸ್ಪತ್ರೆಗೆ ಬಂದು ನೋಡಿಕೊಂಡು ಹೋದರು. ಮೀನಿನ ವ್ಯಾನಿನ ಮಾತನ್ನು ಅವರೆದುರು ಯಾರೂ ಎತ್ತಲಿಲ್ಲ. ಚಂದ್ರಮತಿಗೆ ತಂಗಿ ಹೇಳಿದ್ದಳು, ಆಕೆಯೂ ನುಂಗಿಕೊಂಡರು. ಆಮೇಲೆ ಭಾನುವಾರಗಳಲ್ಲಿ, "ಅಮ್ಮನ್ನ ಬಿಟ್ಟು ಎಲ್ಲಿ ಹೋಗೋದು, ಈ ವಾರ ಬೇಡ" ಎಂದು ಹೇಳಿ ಕಳಿಸುವುದು ಶುರುವಾಯಿತು. ಮಧ್ವರಾಜರು ನಂಬಿದರು.

ತಿಂಗಳುಗಳು ಕಳೆದವು. ಒಂದು ಭಾನುವಾರ ಅವರು ಜಗಲಿಯಲ್ಲಿ ಎಂದಿನ ಹಾಗೆ ಕಣ್ಣು ಮುಚ್ಚಿ ಕೂತಿದ್ದಾಗ ದೊಡ್ಡ ರಸ್ತೆಯಿಂದ ಹೆರಾಲ್ಡಿನ ಸದ್ದು ಕೇಳಿತು. ಬರೀ ಹೆರಾಲ್ಡಲ್ಲ, ಅದೇ ಹೆರಾಲ್ಡ್. ಬೀದಿಗೆ ತಿರುಗುವಾಗ ಗೇರು ಇಳಿಸಿದ ರೀತಿ ತನ್ನದಲ್ಲ. ಯಾರದೋ ಬೇರೆ ಕೈ. ಸಂಬಳಕ್ಕೆ ಯಾವನನ್ನೋ ಇಟ್ಟರೇ ಎಂದುಕೊಂಡು ಎದ್ದು ನಿಂತರು. ಕಾರು ಗೇಟಿನ ಮುಂದೆ ನಿಂತಿತು. ಸ್ಟೀರಿಂಗಿನ ಹಿಂದಿನಿಂದ ಇಳಿದವರು ಹರಿದಾಸರು. ಒಬ್ಬರೇ.

"ಸ್ಕೂಲಿಗೆ ಸೇರಿ ಕಲಿತೆ ಮಧ್ವರಾಯರೇ. ಅಡ್ಯಾರಲ್ಲಿ ಡ್ರೈವಿಂಗ್ ಸ್ಕೂಲಿದೆಯಲ್ಲ. ಲೈಸೆನ್ಸೂ ಬಂತು."

ಚಂದ್ರಮತಿ ಕಾಫಿ ತಂದಿಟ್ಟರು. ಮಧ್ವರಾಜರ ಕಾಫಿ ಆರಿತು.

"ಕಷ್ಟ ಆಯ್ತಾ?" ಎಂದು ಕೇಳಿದರು, ಆಗಿರಲಿ ಎಂಬ ಆಸೆಯಿಂದ.

"ಅದೇ ಆಶ್ಚರ್ಯ. ಆಗಲೇ ಇಲ್ಲ. ಆ ಮೇಷ್ಟ್ರು ಒಂದು ಸಲಕ್ಕೆ ಒಂದೇ ಮಾತು ಹೇಳ್ತಿದ್ರು." ಹರಿದಾಸರು ಲೋಟ ಕೆಳಗಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಕಲಿಸ್ಲಿಲ್ಲ ಅನ್ನೋದು ನನಗೆ ಯಾವತ್ತೋ ಗೊತ್ತಿತ್ತು. ಕೇಳೋಕೆ ಆಗ್ಲಿಲ್ಲ. ನೀವು ಓಡಿಸೋವಾಗ ನಿಮ್ಮ ಮುಖ ನೋಡಿದ್ರೆ ಯಾರಿಗೂ ಕೇಳೋಕೆ ಆಗ್ತಿರ್ಲಿಲ್ಲ. ಹಿಂದಿನ ಸೀಟಲ್ಲಿ ಕೂತು ಎಷ್ಟು ಸಲ ಹೊಟ್ಟೆಕಿಚ್ಚು ಪಟ್ಟಿದೀನಿ ಗೊತ್ತಾ? ನನ್ನ ಕಾರು, ನನ್ನ ಮಗಳು, ಅವಳು ನಿಮ್ಮನ್ನ ನೋಡ್ತಾಳೆ, ನನ್ನನ್ನಲ್ಲ."

ಮಧ್ವರಾಜರು ತಬ್ಬಿಬ್ಬಾದರು. ಹೊಟ್ಟೆಕಿಚ್ಚು ಎಂಬುದು ತನ್ನೊಬ್ಬನದೇ ಸ್ವತ್ತು ಎಂದು ಇಷ್ಟು ವರ್ಷ ತಿಳಿದಿದ್ದವರು ಅವರು.

"ಅಮ್ಮ ಕೋಲು ಹಿಡಿದು ನಡೀತಿದಾಳೆ. ಬರೋ ಶನಿವಾರ ಬೆಟ್ಟಕ್ಕೆ. ನಾನೇ ಓಡಿಸ್ತೀನಿ ಅಂತ ಹರಕೆ. ನೀವಿಬ್ಬರೂ ಬರಬೇಕು."

"ಮತ್ತೆ… ಆಮೇಲೆ? ನಮ್ಮ ಕರಾವಳಿ ಸುತ್ತಾಟ?" ಮಧ್ವರಾಜರ ಬಾಯಿಂದ ತಡೆಯಲಾರದೆ ಬಂತು. ಮುಂದಿನ ತಿಂಗಳು ಅವರು ರಿಟೈರಾಗುವವರಿದ್ದರು.

"ನೀವೇ ಹೇಳಿದ್ದಲ್ವಾ, ವಂಡಿ ಒಂದೇ ಕೈಯಲ್ಲಿರ್ಬೇಕು ಅಂತ" ಎಂದು ಹೇಳಿ ಹರಿದಾಸರು ಎದ್ದರು.

ಆ ವಾರವೆಲ್ಲ ಮಧ್ವರಾಜರು ಬರುವುದಿಲ್ಲ ಎಂದೇ ಹೇಳುತ್ತಿದ್ದರು. ಶುಕ್ರವಾರ ಸಂಜೆ ಮಾತ್ರ ತಾವೇ ಚೀಲಕ್ಕೆ ಪಂಚೆ ತುಂಬಿದರು. ಯಾಕೆ ಮನಸ್ಸು ಬದಲಾಯಿತು? ಯಾಕೆಂದರೆ ಅವರಿ‌ಗೆ ಒಂದು ಸಂಗತಿ ಹೊಳೆದಿತ್ತು. ಎಲಿಯಟ್ಸ್ ಬೀಚು ಸಪಾಟು, ಅಡ್ಯಾರು ಸಪಾಟು, ಮದರಾಸೆಂಬ ಊರೇ ಸಪಾಟು. ಆ ಮೇಷ್ಟ್ರು ಹರಿದಾಸರಿಗೆ ಏರನ್ನು ಎಲ್ಲಿಂದ ತಂದು ಕಲಿಸಬೇಕು? ತಿರುಪತಿಯ ಬೆಟ್ಟ ನೋಡಿಕೊಳ್ಳುತ್ತದೆ. ಅಲ್ಲಿ ಕಾರು ನಿಲ್ಲುತ್ತದೆ. ಆಗ ತನ್ನನ್ನು ಕರೆಯದೆ ದಾರಿಯಿಲ್ಲ. ಒಮ್ಮೆ ಹರಕೆ ಮುರಿದ ಮನುಷ್ಯ ಮತ್ತೆ ಸ್ಟೀರಿಂಗ್ ಮುಟ್ಟುತ್ತಾನೆಯೇ?

ಈ ಆಸೆಯನ್ನು ಪಂಚೆಯ ಜೊತೆಗೇ ಮಡಿಸಿಟ್ಟುಕೊಂಡು ಹೊರಟರು. ಹಿಂದಿನ ಸೀಟಿನಲ್ಲಿ ಅಂಬುಜಮ್ಮ ನಡುವೆ, ಆಚೀಚೆ ಅಕ್ಕ ತಂಗಿಯರು. ಕಾಲೇಜಿನ ಪರೀಕ್ಷೆ ಇದ್ದದ್ದರಿಂದ ಉಷಾ ಬಂದಿರಲಿಲ್ಲ. ಮುಂದೆ ಎಡಗಡೆ ಮಧ್ವರಾಜರು. ತಿರುವಳ್ಳೂರು ದಾಟಿತು, ಊತುಕೋಟೆ ದಾಟಿತು, ಪುತ್ತೂರು ದಾಟಿತು. ಹರಿದಾಸರು ತಪ್ಪು ಮಾಡಲಿ ಎಂದು ಮಧ್ವರಾಜರು ಹದ್ದಿನ ಹಾಗೆ ಕಾದರು. ಲಾರಿಗೆ ದಾರಿ ಬಿಟ್ಟರು, ಎಮ್ಮೆಗೆ ನಿಧಾನಿಸಿದರು, ತಿರುವಿನಲ್ಲಿ ಹಾರನ್ ಒತ್ತಿದರು. ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದಷ್ಟೂ ಎಡಗಡೆಯ ಸೀಟು ಮಧ್ವರಾಜರಿಗೆ ಚುಚ್ಚಿತು.

"ಭಾವ ಮಾತೇ ಆಡ್ತಿಲ್ಲ" ಎಂದಳು ವಿನೋದಾ.

"ಅವರಿಗೆ ಕೂತ್ಕೊಂಡು ಅಭ್ಯಾಸ ಇಲ್ಲ" ಎಂದರು ಚಂದ್ರಮತಿ.

ಘಾಟಿ ಶುರುವಾಯಿತು. ಕಾರು ಏರುತ್ತ ಏರುತ್ತ ಬಿಸಿಯಾಯಿತು. ಅರ್ಧ ದಾರಿಯಲ್ಲಿ ಒಂದು ಕಡಿದಾದ ತಿರುವಿನ ನಡುವೆ ಮುಂದಿದ್ದ ಬಸ್ಸು ನಿಂತುಬಿಟ್ಟಿತು. ಹರಿದಾಸರು ಬ್ರೇಕು ತುಳಿದರು. ಬಸ್ಸು ಹೊರಟಾಗ ಇವರೂ ಹೊರಡಲು ಬ್ರೇಕಿನಿಂದ ಕಾಲೆತ್ತಿದರು. ಕಾರು ಹಿಂದಕ್ಕೆ ಜಾರಿತು. ಮತ್ತೆ ಬ್ರೇಕು. ಎಂಜಿನ್ ನಿಂತಿತು. ಇನ್ನೊಮ್ಮೆ ಯತ್ನಿಸಿದರು, ಇನ್ನಷ್ಟು ಜಾರಿತು. ಹಿಂದೆ "ಗೋವಿಂದಾ ಗೋವಿಂದ" ಎನ್ನುತ್ತ ಯಾತ್ರಿಕರಿಂದ ತುಂಬಿದ ಬಸ್ಸು. ಅದರ ಹಾರನ್ ಕಿವಿಗೆ ಬಡಿಯಿತು. ಹರಿದಾಸರ ಕುತ್ತಿಗೆಯಿಂದ ಬೆವರಿಳಿದು ಕಾಲರು ಒದ್ದೆಯಾಯಿತು.

"ಮಧ್ವರಾಯರೇ" ಎಂದರು, ಬೇರೆಯವರಿಗೆ ಕೇಳಿಸಬಾರದು ಎಂಬ ದನಿಯಲ್ಲಿ. "ಈ ಕಡೆ ಬನ್ನಿ. ನನ್ನ ಕೈಲಾಗಲ್ಲ."

ಇಷ್ಟು ದಿನ ಕಾದಿದ್ದ ಮಾತು. ಮಧ್ವರಾಜರ ಕೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು. ಇಳಿದು ಆ ಕಡೆ ಹೋಗಿ ಕೂತರೆ ಸಾಕು. ಬೆಟ್ಟವೂ ತನ್ನದು, ಗಾಡಿಯೂ ತನ್ನದು, ಕನ್ಯಾಕುಮಾರಿಯ ದಾರಿಯೂ ತನ್ನದು.

ಹಿಂದಿನಿಂದ ಅಂಬುಜಮ್ಮನ ದನಿ ಬಂತು. "ಹರಿ, ನೀನು ಇಳಿದ್ರೆ ನನ್ನನ್ನೂ ಇಳಿಸು. ಕೋಲಿದೆ, ನಡ್ಕೊಂಡೇ ಹತ್ತುತೀನಿ. ಮೀನಿನ ವ್ಯಾನಲ್ಲೇ ಹೋಗಿಬಂದೋಳಿಗೆ ಇದೇನು ಮಹಾ."

"ಅತ್ತೆ, ಸುಮ್ನಿರಿ" ಎಂದಳು ವಿನೋದಾ.

"ಮೀನಿನ ವ್ಯಾನೇ?" ಮಧ್ವರಾಜರು ತಿರುಗಿದರು.

ಚಂದ್ರಮತಿ ಗಂಡನ ಕಣ್ಣು ನೋಡಿ ಹೇಳಿದರು: "ಸೊಂಟ ಮುರಿದ ದಿನ. ಕಾರು ಗೇಟಲ್ಲೇ ಇತ್ತು. ಓಡಿಸೋರು ಇರ್ಲಿಲ್ಲ."

"ಪಾಪ, ಒಳ್ಳೆ ಮನುಷ್ಯ" ಎಂದರು ಅಂಬುಜಮ್ಮ. "ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದ."

ಬಾಗಿಲ ಹಿಡಿಯ ಮೇಲಿದ್ದ ಕೈಯನ್ನು ಮಧ್ವರಾಜರು ತೆಗೆದರು. ಆ ಕೈಯನ್ನು ನಂಬುವ ಹಾಗಿರಲಿಲ್ಲ. ಅದು ಇನ್ನೂ ಸ್ಟೀರಿಂಗಿನ ಕಡೆಗೇ ಎಳೆಯುತ್ತಿತ್ತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಅವುಗಳ ಮೇಲೆ ಕೂತರು.

"ಹ್ಯಾಂಡ್ ಬ್ರೇಕ್ ಎಳೀರಿ ಹರಿದಾಸ್. ಪೂರ್ತಿ."

ಎಳೆದರು.

"ಕಾಲು ಬ್ರೇಕಿಂದ ತೆಗೀರಿ. ಹೆದರ್ಬೇಡಿ, ಜಾರಲ್ಲ. ನೋಡಿ, ನಿಂತಿದೆ. ಹಿಂದಿನೋನು ಹಾರನ್ ಒತ್ತಲಿ, ಅವನಿಗೂ ಕೆಲಸ ಬೇಕಲ್ಲ."

ಹರಿದಾಸರು ಉಸಿರು ಬಿಟ್ಟರು.

"ಸ್ಟಾರ್ಟ್ ಮಾಡಿ. ಫಸ್ಟ್ ಗೇರ್. ಸ್ವಲ್ಪ ಪೆಟ್ರೋಲ್ ಕೊಡಿ. ಇನ್ನು ಕಣ್ಣು ಬೇಡ, ಕಿವಿ ಸಾಕು. ಕ್ಲಚ್ ಮೆಲ್ಲಗೆ ಬಿಡ್ತಾ ಬನ್ನಿ. ಸದ್ದು ದಪ್ಪ ಆಯ್ತಲ್ಲ? ಮೂತಿ ಮೇಲೆತ್ತಿತು. ಅಲ್ಲೇ ಇರಲಿ ಕಾಲು. ಈಗ ಅದು ಹೊರಡ್ತೀನಿ ಅಂತಿದೆ. ಹ್ಯಾಂಡ್ ಬ್ರೇಕ್ ಬಿಡಿ."

ಹೆರಾಲ್ಡ್ ಒಂದು ಬೆರಳಿನಷ್ಟೂ ಹಿಂದೆ ಸರಿಯಲಿಲ್ಲ. ಮೆಲ್ಲಗೆ, ಭಾರ ಹೊತ್ತ ಎತ್ತಿನ ಹಾಗೆ, ಏರಿನ ಮೇಲೆ ಹೊರಟಿತು. ತಿರುವು ಮುಗಿಯಿತು. ಮುಂದೆ ಇನ್ನೊಂದು ಕಡೆ ನಿಲ್ಲಬೇಕಾಗಿ ಬಂದಾಗ ಹರಿದಾಸರು ಕೇಳದೆಯೇ ಎಲ್ಲವನ್ನೂ ಮಾಡಿದರು, ಮಧ್ವರಾಜರು ಮಾಡುತ್ತಿದ್ದಷ್ಟೇ ನಯವಾಗಿ. "ಥೇಟ್ ಭಾವನ ಹಾಗೇ" ಎಂದಳು ವಿನೋದಾ. ಅದನ್ನು ಕೇಳಿದ ಮಧ್ವರಾಜರಿಗೆ ತನ್ನ ಮೈಯಿಂದ ಏನನ್ನೋ ಕಿತ್ತು ಇನ್ನೊಬ್ಬರಿಗೆ ತೊಡಿಸಿದ ಹಾಗಾಯಿತು.

"ಸೆಕೆಂಡ್ ಗೇರು ಸ್ವಲ್ಪ ತಡ ಆಯ್ತು" ಎಂದರು.

ಬೆಟ್ಟದ ಮೇಲೆ ಅಂಬುಜಮ್ಮ ಕೋಲೂರಿಕೊಂಡು ದರ್ಶನ ಮಾಡಿದರು. ಹರಿದಾಸರು ಮುಡಿ ಕೊಟ್ಟರು. ನುಣ್ಣನೆಯ ತಲೆ ಸವರಿಕೊಳ್ಳುತ್ತ ಬಂದವರು, ಕಾರಿನ ಸುತ್ತ ಏನಾದರೂ ಊನ ಹುಡುಕುತ್ತಿದ್ದ ಷಡ್ಡಕರ ಮುಂದೆ ನಿಂತರು. ಕೀಲಿ ಚಾಚಿದರು.

"ಹತ್ತಿಸ್ತೀನಿ ಅಂತ ಅಷ್ಟೇ ಹರಕೆ. ಇಳಿಸೋದಕ್ಕೆ ನಾನು ಏನೂ ಹೇಳ್ಕೊಂಡಿಲ್ಲ."

"ಇಳಿಸೋದೂ ಕಲೀಬೇಕು ನೀವು. ಹತ್ತೋದಕ್ಕಿಂತ ಅದೇ ಕಷ್ಟ" ಎಂದರು ಮಧ್ವರಾಜರು. ಹೇಳುತ್ತಿದ್ದ ಹಾಗೆಯೇ ಕೀಲಿ ಅವರ ಮುಷ್ಟಿಯೊಳಗಿತ್ತು. "ನೋಡಿ ಕಲೀರಿ."

ರಿಟೈರಾದ ಮೇಲಿನ ಚಳಿಗಾಲದಲ್ಲಿ ಅವರು ಕರಾವಳಿಗೆ ಹೊರಟರು, ಇಬ್ಬರು ಷಡ್ಡಕರು ಮತ್ತು ಇಬ್ಬರು ಅಕ್ಕ ತಂಗಿಯರು. ಹಳೆಯ ಹೆರಾಲ್ಡಿಗೆ ಈಗ ಎರಡು ಕೈ. ಊರಿಂದೂರಿಗೆ ಕೈ ಬದಲಾಗಬೇಕು ಎಂದು ತೀರ್ಪು ಕೊಟ್ಟವರು ಚಂದ್ರಮತಿ. ತೀರ್ಪು ಬಂದರೂ ಜಗಳ ನಿಲ್ಲಲಿಲ್ಲ. ಒಳ್ಳೆಯ ಟಾರು ರಸ್ತೆ ಹರಿದಾಸರ ಪಾಲಿಗೆ ಬಂತು, ಗುಂಡಿಗಳೆಲ್ಲ ನನ್ನ ಪಾಲಿಗೆ ಬಂದವು ಎಂದು ಮಧ್ವರಾಜರು ಕಡಲೂರಿನಲ್ಲೇ ಶುರು ಮಾಡಿದರು. ಸಮುದ್ರ ಕಾಣುವ ಕಡೆಯೆಲ್ಲ ನಿಮಗೇ ಸಿಕ್ಕಿತಲ್ಲ ಎಂದು ಹರಿದಾಸರು ನಾಗಪಟ್ಟಣದಲ್ಲಿ ತಿರುಗಿಸಿ ಕೊಟ್ಟರು.

ಮಂಟಪಂ ತಲುಪಿದಾಗ ಕಾರು ನಿಂತಿತು. ರಾಮೇಶ್ವರಕ್ಕೆ ಸಮುದ್ರದ ಮೇಲೆ ಕಟ್ಟಿದ ರಸ್ತೆಯ ಸೇತುವೆ ಆಗಷ್ಟೇ ತೆರೆದಿತ್ತು. ಎತ್ತರದ ಹೊಸ ಸೇತುವೆ, ಎರಡೂ ಕಡೆ ನೀಲಿ ನೀರು. ಇಬ್ಬರೂ ಸ್ಟೀರಿಂಗಿನ ಕಡೆಯ ಬಾಗಿಲಿಗೇ ಬಂದು ನಿಂತರು.

"ಹೋಗೋವಾಗ ಒಬ್ಬರು, ಬರೋವಾಗ ಒಬ್ಬರು. ಇದರಲ್ಲಿ ಜಗಳ ಏನಿದೆ?" ಎಂದರು ಚಂದ್ರಮತಿ.

"ಬರೋವಾಗ ಅದು ನೋಡಿಬಿಟ್ಟ ಸೇತುವೆ ಕಣೇ" ಎಂದರು ಮಧ್ವರಾಜರು.

"ಹಾಗಾದ್ರೆ ಹೋಗೋವಾಗ ಹರಿದಾಸ್ ಓಡಿಸ್ಲಿ. ಹಟ ಮಾಡಿದೋರಿಗೆ ಕೊಡಲ್ಲ."

ಹರಿದಾಸರು ನಗುತ್ತ ಕೂತರು. ಕಾರು ಸೇತುವೆ ಏರಿತು. ಗಾಳಿ ನುಗ್ಗಿತು, ಹಿಂದೆ ಅಕ್ಕ ತಂಗಿಯರು ಸೆರಗು ಹಿಡಿದುಕೊಂಡು, ಅಲ್ಲಿ ದೋಣಿ ನೋಡು, ಇಲ್ಲಿ ನೋಡು ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಮಧ್ವರಾಜರು ಮಾತ್ರ ಸೇತುವೆ ಮುಗಿಯುವವರೆಗೆ ಸಮುದ್ರವನ್ನು ನೋಡಲಿಲ್ಲ. ಹರಿದಾಸರ ಕೈಗಳನ್ನೇ ನೋಡುತ್ತಿದ್ದರು.